ಲಾಭ, ಎರಡು, ಮೂರು

ನಮ್ಮ ಮನೆಯಲ್ಲಿ ಕಂಪ್ಯೂಟರ್ ಒಂದೇ, ಅದರೊಳಗೆ ಸಂಸಾರ ಎರಡು. ಮೊದಲಿನಿಂದಲೂ ಇದ್ದದ್ದು ವಿಂಡೋಸ್. ನಾನು ಕೆಲಸ ಮಾಡುವ, ಬೀದರಿನ ಅಂಚಿನ ಕೊಳಾರದ ಗೋದಾಮಿನ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಬಂದಾಗ, ಮನೆಯಲ್ಲೂ ಕೈ ಪಳಗಲಿ ಎಂದು ಅದನ್ನೂ ತಂದು ಪಕ್ಕದಲ್ಲಿ ಕೂಡಿಸಿದೆ. ವಿಂಡೋಸನ್ನು ತೆಗೆದುಹಾಕುವಂತಿರಲಿಲ್ಲ. ನಮ್ಮ ಮಾವನವರು ಕನ್ನಡ ಟೈಪಿಂಗ್ ಕಲಿತದ್ದು ಅದರಲ್ಲೇ. ಅದೂ ಎಪ್ಪತ್ತು ದಾಟಿದ ಮೇಲೆ, ಒಂದೇ ಬೆರಳಿನಲ್ಲಿ.

ಮಾವನವರು ಭಾಲ್ಕಿಯ ಅಡತಿ ಅಂಗಡಿಯಲ್ಲಿ ಜೋಳ, ತೊಗರಿ ಅಳೆದು ಆಯುಷ್ಯ ಕಳೆದವರು. ಅತ್ತೆ ಸಂತಪುರದ ಮಗಳು. ಓದು ಬರಹ ಇಲ್ಲ, ಆದರೆ ಬೀಸುವ ಹಾಡುಗಳು ಬಾಯಿತುಂಬ ಇವೆ. ಈಗ ಇಬ್ಬರೂ ಬೀದರಿನಲ್ಲಿ ಮಗ-ಸೊಸೆಯಾದ ನಮ್ಮ ಜೊತೆಗೇ ಇದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಹಾಡುವುದು, ಮಾವನವರು ಟೈಪ್ ಮಾಡುವುದು. ಅತ್ತೆ ಮುಂದೆ ಓಡಿದರೆ ಇವರು ಕೈ ಎತ್ತಿ ನಿಲ್ಲಿಸುತ್ತಾರೆ. ಅತ್ತೆಗೋ ನಿಲ್ಲಿಸಿದಲ್ಲಿಂದ ಹಾಡಲು ಬರುವುದಿಲ್ಲ, ಮತ್ತೆ ಮೊದಲಿನಿಂದಲೇ ಶುರು. ಹೀಗೆ ಹತ್ತೊಂಬತ್ತು ಹಾಡು ಆಗಿದ್ದವು.

ಕಂಪ್ಯೂಟರ್ ಹಚ್ಚಿದಾಗ ಮೊದಲು ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪಟ್ಟಿ ಬರುತ್ತದೆ. ಮೇಲಿನದು ಲಿನಕ್ಸ್, ಕೊನೆಯದು ವಿಂಡೋಸ್. ಮಾವನವರಿಗೆ ಕನ್ನಡ, ಉರ್ದು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಅದಕ್ಕೇ ದಿನಾ ನಾನೇ ವಿಂಡೋಸ್ ತೆರೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಲಾರಿ ಬೇಗ ಬಂದಿದೆ ಎಂದು ಗೋದಾಮಿನಿಂದ ಫೋನ್ ಬಂತು. ಕೆಳಗಿನ ಬಾಣದ ಗುಂಡಿ ಮೂರು ಸಲ ಒತ್ತಿ, ಆಮೇಲೆ ಎಂಟರ್ ಒತ್ತಿರಿ ಎಂದು ಚಪ್ಪಲಿ ಮೆಟ್ಟುತ್ತಲೇ ಹೇಳಿದೆ. ಅವರು ಇನ್ನೊಮ್ಮೆ ಕೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂರು ಅಂದರೆ ಮೂರು, ಬೇರೆ ಏನಾದರೂ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಆಟೋ ಹತ್ತಿದೆ. ಅಳಿಸಿಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಸಿದರೆ ಜಾಗ್ರತೆಯಿಂದ ಇರುತ್ತಾರೆ ಎಂದು ಹಾಗೆ ಅಂದದ್ದು.

ಅಂದಿನಿಂದ ಮಾವನವರು ಕಂಪ್ಯೂಟರ್ ಮುಂದೆ ಕೂಡಲಿಲ್ಲ. ಮರುದಿನ ನಾನು ತೆರೆಯಲು ಹೋದರೆ, ಕಣ್ಣು ಉರಿಯುತ್ತವೆ, ಬೇಡ ಎಂದರು. ನನ್ನ ಮಾತಿಗೆ ಮುನಿಸಿಕೊಂಡಿದ್ದಾರೆ ಎಂದುಕೊಂಡು ನಾನೂ ಮುಖ ಬಿಗಿದುಕೊಂಡೇ ಇದ್ದೆ. ನಾಲ್ಕನೆಯ ದಿನ ಅತ್ತೆ ಅಡುಗೆಮನೆಯಲ್ಲಿ ಗೊಣಗಿದರು: ಹಾಡಿದ ಹಾಡನ್ನೇ ಮತ್ತೆ ಮೊದಲಿನಿಂದ ಹಾಡಿಸುತ್ತಿದ್ದಾರೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ, ಯಾಕೆ ಅಂದರೆ ಅಕ್ಷರ ತಪ್ಪಿವೆ ಅನ್ನುತ್ತಾರೆ.

ಮಾವನವರು ಅಂಗಳದಲ್ಲಿದ್ದರು. ಹತ್ತಿರ ಕೂತು ಕೇಳಿದೆ. ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

“ಯವ್ವಾ, ಆಕಿ ಹಾಡು ಎಲ್ಲಾ ನಾ ಅಳಿಸಿಬಿಟ್ಟೇನಿ. ಆಕಿಗಿ ಹೇಳಬ್ಯಾಡ.”

ಆ ದಿನ ಎಂಟರ್ ಒತ್ತಿದೊಡನೆ ಪರದೆ ನೀಲಿಯಾಗಿ ಅಂಕಿಗಳು ಓಡತೊಡಗಿದವಂತೆ. ಒಂದೊಂದು ಅಂಕಿ ಓಡಿದಾಗಲೂ ಒಂದೊಂದು ಅಕ್ಷರ ಹೋಗುತ್ತಿದೆ ಎಂದುಕೊಂಡು ವೈರು ಕಿತ್ತಿದ್ದರು. ಎಷ್ಟು ಸಲ ಒತ್ತಿದಿರಿ ಎಂದು ಕೇಳಿದೆ. ಅವರು ಗಾಳಿಯಲ್ಲಿ ಸೇರು ಹಿಡಿದು ಅಳೆಯುವಂತೆ ಕೈ ಆಡಿಸಿ, ಲಾಭ, ಎರಡು, ಮೂರು ಎಂದು ಎಣಿಸಿ ತೋರಿಸಿದರು. ನಮ್ಮ ಕಡೆ ಕಾಳು ಅಳೆಯುವವರು ಒಂದು ಎನ್ನುವುದಿಲ್ಲ, ಮೊದಲ ಸೇರಿಗೆ ಲಾಭ ಎನ್ನುತ್ತಾರೆ. ಪರದೆಯ ಮೇಲೆ ಆಗಲೇ ಬೆಳಗುತ್ತಿದ್ದ ಮೊದಲ ಸಾಲನ್ನೇ ಅವರು ಲಾಭ ಎಂದು ಎಣಿಸಿದ್ದರು. ಗುಂಡಿ ಒತ್ತಿದ್ದು ಎರಡೇ ಸಲ. ಮೂರನೆಯ ಸಾಲು ಕಂಪ್ಯೂಟರ್ ತನ್ನ ಮೆಮೊರಿಯನ್ನು ತಾನೇ ತಪಾಸಣೆ ಮಾಡಿಕೊಳ್ಳುವುದಕ್ಕೆ ಇರುವಂಥದು. ಅದು ಬರೆದಿಟ್ಟ ಒಂದಕ್ಷರವನ್ನೂ ಮುಟ್ಟುವುದಿಲ್ಲ.

ನಗು ಬಂತು, ಅದರ ಹಿಂದೆಯೇ ಅಳು ಬಂತು. ನಾಲ್ಕು ದಿನ ಈ ಮನುಷ್ಯ ಎದೆಯ ಮೇಲೆ ಕಲ್ಲು ಇಟ್ಟುಕೊಂಡೇ ಉಂಡಿದ್ದರು, ಮಲಗಿದ್ದರು. ಆ ಕಲ್ಲು ಇಟ್ಟವಳು ನಾನೇ. ಅವರನ್ನು ಎಬ್ಬಿಸಿಕೊಂಡು ಒಳಗೆ ಹೋಗಿ, ಮೂರು ಸಲ ಒತ್ತಿ ತೆರೆದು ತೋರಿಸಿದೆ. ಹತ್ತೊಂಬತ್ತೂ ಇದ್ದವು. ಮಾವನವರು ಒಂದೊಂದನ್ನೂ ತೆರೆಸಿ ಕೊನೆಯ ಸಾಲಿನ ತನಕ ಓದಿದರು. ಸುಳ್ಳು ಹೇಳಿ ಅಂಜಿಸಿದ್ದು ನನ್ನ ತಪ್ಪು ಅಂದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು, ಅಷ್ಟೇ.

ಅತ್ತೆಗೆ ಎಲ್ಲವನ್ನೂ ನಾನೇ ಹೇಳಿದೆ. ಹಾಡುಗಳು ಭದ್ರವಾಗಿವೆ, ಇನ್ನು ಮತ್ತೆ ಹಾಡುವ ತ್ರಾಸಿಲ್ಲ ಅಂದೆ. ಅವರು ಮೊರದಲ್ಲಿನ ಜೋಳದಿಂದ ಹರಳು ಆರಿಸುತ್ತ ಕೇಳಿಸಿಕೊಂಡರು. ಯಾಕೋ ಮುಖ ಅರಳಲಿಲ್ಲ.

“ನಾ ನಸುಕಿನ್ಯಾಗ ಬೀಸೂವಾಗ ಇವರು ಮಲ್ಕೊಂಡಿರ್ತಿದ್ರು,” ಅಂದರು. “ಮಷೀನ್ ಮುಂದ ಕುಂತಾಗ ಗುಂಡಿ ನೋಡ್ತಿದ್ರು. ಈ ನಾಕ ದಿನಾನೇ ಬಾಜೂಕ ಕುಂತು ನನ್ನ ಮುಖಾ ನೋಡಕೋತ ಕೇಳ್ಯಾರ. ಇನ್ನಾ ಏಳ ಹಾಡು ತಿರಗಿ ಹಾಡೋದು ಉಳಿದಿತ್ತು. ಅವು ಮುಗಿಯೋತನಕ ನೀ ಹೇಳದೇ ಇದ್ರ ಏನ್ ಆಗ್ತಿತ್ತು ಯವ್ವಾ?”