ನೌಕೆಯದೋ, ಚಂದ್ರನದೋ

ಚಂದ್ರನ ಮೇಲೆ ಏನೂ ಇಲ್ಲ ಎಂದು ಶಾಲೆಯಲ್ಲಿ ಓದಿದವಳು ನಾನು. ಈಗ ಆ ‘ಏನೂ ಇಲ್ಲ’ದಲ್ಲಿ ಎಷ್ಟಿದೆ ಎಂದು ನೋಡುವುದೇ ನನ್ನ ಕೆಲಸ. ಅಲ್ಲಿನ ನೆಲದ ಮೇಲೆ ತೀರಾ ತೆಳುವಾಗಿ ಎಲೆಕ್ಟ್ರಾನ್‌ಗಳು, ಅಯಾನುಗಳು ಓಡಾಡುತ್ತಿರುತ್ತವೆ. ನಾವು ಅದನ್ನು ಪ್ಲಾಸ್ಮಾ ಎನ್ನುತ್ತೇವೆ. ಚಂದ್ರನನ್ನು ಸುತ್ತುವ ನೌಕೆಯಲ್ಲೊಂದು ಉಪಕರಣ ಅದನ್ನು ಅಳೆದು ಕಳಿಸುತ್ತದೆ. ತೊಂದರೆ ಏನೆಂದರೆ, ಬಿಸಿಲು ಬಿದ್ದಾಗ ನೌಕೆಯ ಲೋಹದ ಮೈಯಿಂದಲೂ ಎಲೆಕ್ಟ್ರಾನ್‌ಗಳು ಎದ್ದು ಅದರ ಸುತ್ತಲೇ ಸುಳಿದಾಡುತ್ತವೆ. ಪೆದ್ದು ಉಪಕರಣ ಅವನ್ನೂ ಸೇರಿಸಿ ಅಳೆಯುತ್ತದೆ. ಒಗ್ಗರಣೆ ಹಾಕುತ್ತಾ ನಿಂತವಳಿಗೆ ಪಕ್ಕದ ಮನೆಯಲ್ಲಿ ಏನಡುಗೆ ಅಂತ ವಾಸನೆ ಹಿಡಿದು ಹೇಳು ಎಂದ ಹಾಗೆ.

ಇದಕ್ಕೆ ನಮ್ಮಲ್ಲೊಂದು ಉಪಾಯವಿದೆ. ನೌಕೆ ಚಂದ್ರನ ನೆರಳಿಗೆ ಹೋದಾಗಿನ ಅಳತೆ ನೋಡುವುದು. ಬಿಸಿಲಿಲ್ಲದಿದ್ದರೆ ನೌಕೆಯದ್ದು ನಿಂತುಹೋಗಬೇಕು. ಆಮೇಲೂ ಉಳಿದದ್ದು ಚಂದ್ರನದು. ಹೇಳುವುದಕ್ಕೆ ಎಷ್ಟು ಸಲೀಸು! ನನ್ನ ಗ್ರಾಫಿನಲ್ಲಿ ಕಂಡ ಎಲೆಕ್ಟ್ರಾನ್‌ಗಳ ಒಂದು ಏರಿಕೆ ನೆರಳಿನಲ್ಲಿ ಪೂರ್ತಿ ಹೋಗಲೂ ಇಲ್ಲ, ಪೂರ್ತಿ ಉಳಿಯಲೂ ಇಲ್ಲ. ಬೆಳಿಗ್ಗೆ ಮನೆ ಬಿಡುವಾಗ ಅದು ಚಂದ್ರನದೇ ಅನ್ನಿಸುತ್ತಿತ್ತು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳ ಮಧ್ಯೆ ಸಿಕ್ಕಿಕೊಂಡಾಗ, ಅಯ್ಯೋ, ನೌಕೆಯದೇ ಇರಬೇಕು ಎಂದು ಭಯವಾಗುತ್ತಿತ್ತು. “ಏನ್ ಡಿಸೈಡ್ ಮಾಡಿದ್ರಿ?” ಎಂದು ನಮ್ಮ ಹಿರಿಯ ಸಹೋದ್ಯೋಗಿ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಕೇಳುತ್ತಿದ್ದರು. ಏನೂ ಡಿಸೈಡ್ ಮಾಡಿರಲಿಲ್ಲ.

ಆಗಲೇ ಅಪ್ಪನಿಗೆ ಮೋಟರಿನ ಸದ್ದು ಕೇಳಿಸತೊಡಗಿತು.

ನಮ್ಮದು ಅಟ್ಟೂರು ಕಡೆಯ ಬೇಸಾಯದ ಮನೆತನ. ಹೊಲವೆಲ್ಲ ಎಂದೋ ಲೇಔಟಾಗಿ, ಅಮ್ಮ ಹೋದ ಮೇಲೆ ಅಪ್ಪ ಸಂಜಯನಗರದಲ್ಲಿ ನನ್ನ ಜೊತೆಗೇ ಇದ್ದಾನೆ. “ಯಾರ್ದೋ ಬೋರ್ ಮೋಟ್ರು ಓಡ್ತಾನೇ ಐತೆ ಕಣವ್ವಾ. ನೀರಿಲ್ದೆ ಓಡುದ್ರೆ ಸುಟ್ಟೋಯ್ತದೆ,” ಎಂದು ತಳಮಳಿಸುತ್ತಿದ್ದ. ನನಗೆ ಏನೂ ಕೇಳಿಸುತ್ತಿರಲಿಲ್ಲ. ನಾನಿಲ್ಲದಾಗ ಅಕ್ಕಪಕ್ಕದ ಗೇಟುಗಳನ್ನು ತಟ್ಟಿ, “ನಿಮ್ ಮೋಟ್ರು ಆಫ್ ಮಾಡ್ರಪ್ಪಾ,” ಎಂದು ಹೇಳಿ ಬರುತ್ತಿದ್ದನಂತೆ. ಜನ ನನ್ನನ್ನು ನೋಡಿ ನಗತೊಡಗಿದರು. ನನಗೆ ನಾಚಿಕೆ, ಅದರ ಹಿಂದೆಯೇ ಸಿಟ್ಟು.

ಒಂದು ಭಾನುವಾರ ಅಪ್ಪನನ್ನು ಹಾಲ್‌ನಲ್ಲಿ ಕೂರಿಸಿ ಮನೆಯ ಮೇನ್ ಸ್ವಿಚ್ಚನ್ನೇ ಎಳೆದೆ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು.

“ಈಗ?”

“ಅಂಗೇ ಕೇಳ್ತಾ ಐತೆ.”

“ಹಾಗಾದ್ರೆ ಅದು ನಿನ್ ಕಿವೀದೇ ಅಪ್ಪಾ. ಹೊರಗಡೆ ಏನೂ ಇಲ್ಲ.”

ಎಷ್ಟು ಜಂಬದಿಂದ ಹೇಳಿದೆ! ಅಪ್ಪ “ನೀನು ಓದ್ದೋಳು. ಇರ್ಬೋದು,” ಎಂದು ಎದ್ದು ರೂಮಿಗೆ ಹೋದ. ಆಮೇಲೆ ಮೋಟರಿನ ಮಾತೇ ಬರಲಿಲ್ಲ. ಮನೆಗೆ ಶಾಂತಿ ಬಂತೆಂದು ನನಗೆ ಖುಷಿಯೇ ಆಯಿತು.

ಮುಂದೊಂದು ಶನಿವಾರ ಮಧ್ಯಾಹ್ನ ಲ್ಯಾಬಿನಿಂದ ಬಂದರೆ ಬೀಗದ ಕೈ ಬೇರೆ ಬ್ಯಾಗಿನಲ್ಲಿ ಉಳಿದಿತ್ತು. ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಒಳಗೆ ಬೆಲ್ ಬಡಿದುಕೊಳ್ಳುವುದು ನನಗೇ ಕೇಳುತ್ತಿತ್ತು, ಬಾಗಿಲು ಮಾತ್ರ ತೆಗೆಯಲಿಲ್ಲ. ಫೋನ್ ಮಾಡಿದೆ, ಅದೂ ಒಳಗೆ ರಿಂಗಾಗಿ ರಿಂಗಾಗಿ ನಿಂತಿತು. ಬಿದ್ದಿರಬೇಕು ಎಂದುಕೊಂಡು ಹಿಂದಿನ ಓಣಿಗೆ ಓಡಿ ಕಿಟಕಿಯಿಂದ ಇಣುಕಿದರೆ, ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಎಚ್ಚರವಾಗಿಯೇ ಇದ್ದ. ನನ್ನ ಮುಖ ಕಂಡಿದ್ದೇ ಗಡಬಡಿಸಿ ಎದ್ದು ಬಂದು ಬಾಗಿಲು ತೆಗೆದ.

“ಬೆಲ್ ಕೇಳಿಸ್ಲಿಲ್ವಾ ಅಪ್ಪಾ?” ಕಿರುಚಿಯೇಬಿಟ್ಟೆ.

“ಕೇಳುಸ್ತು ಕಣವ್ವಾ. ಫೋನೂ ಕೇಳುಸ್ತು,” ಎಂದ. “ಅವೂ ನನ್ ಕಿವೀದೇ ಅಂದ್ಕೊಂಡೆ.”

ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಮೇನ್ ಎಳೆದರೆ ನಮ್ಮ ಮನೆಯದು ಮಾತ್ರ ನಿಲ್ಲುತ್ತದೆ. ಪಕ್ಕದ ಮನೆಯದಲ್ಲ, ಬೀದಿಯದಲ್ಲ. ಲ್ಯಾಬಿನಲ್ಲಿ ಯಾರಾದರೂ ಇಂಥ ಪರೀಕ್ಷೆ ಮಾಡಿ ತಂದಿದ್ದರೆ ನಾನೇ ಬೈದು ಕಳಿಸುತ್ತಿದ್ದೆ. ಚಂದ್ರನ ವಿಷಯದಲ್ಲಿ ತಿಂಗಳುಗಟ್ಟಲೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಒದ್ದಾಡಿದವಳಿಗೆ ಅಪ್ಪನ ಕಿವಿಯ ತೀರ್ಪು ಕೊಡಲು ಒಂದು ಸ್ವಿಚ್ಚು ಸಾಕಾಗಿತ್ತು.

ಅವತ್ತು ಕಾಫಿ ಮಾಡಿಕೊಟ್ಟು ಎದುರಿಗೆ ಕೂತೆ. “ಅಪ್ಪಾ, ಆ ಮೋಟ್ರು ಈಗ್ಲೂ ಓಡ್ತಾ ಇದ್ಯಾ?”

ಅಪ್ಪ ಲೋಟ ಕೆಳಗಿಟ್ಟು, ಕತ್ತು ಓರೆ ಮಾಡಿ ಆಲಿಸಿದ. ಆಮೇಲೆ ನನ್ನ ಕಡೆ ತಿರುಗಿ, “ನೀನೇ ಯೋಳವ್ವಾ,” ಎಂದ.

ನಾನು ಉಸಿರು ಬಿಗಿಹಿಡಿದು ಕೂತೆ. ತುಂಬ ದೂರದಲ್ಲಿ ಏನೋ ಗುಂಯ್ ಎನ್ನುತ್ತಿದ್ದ ಹಾಗಿತ್ತು. ಅದು ಹೊರಗಿನದೋ ನನ್ನ ಕಿವಿಯದೋ ನನಗೆ ತಿಳಿಯಲಿಲ್ಲ. ಅಪ್ಪ ಮಾತ್ರ ಕಾಯುತ್ತಲೇ ಇದ್ದ.