ಪುಟ್ಟ ಲ್ಯಾಪ್‌ಟಾಪನ್ನು ಹಗುರ ಮಾಡಿದ್ದು

ಮೈಸೂರಿನಿಂದ ಶಹಾಬಾದಿಗೆ ಬಂದು ನಾನು ಬಾಡಿಗೆ ಹಿಡಿದ ಕೋಣೆಯಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಪುಸ್ತಕ ಇಡುವ ಹಲಗೆಯೂ ಕಲ್ಲು. ಮಲಗಿ ಮೇಲೆ ನೋಡಿದರೆ ಅಲ್ಲೂ ಹಾಸುಗಲ್ಲು. ಬಿದ್ದರೆ ಗತಿಯೇನೆಂದು ಮೊದಲ ದಿನ ಹಾಸಿಗೆಯನ್ನು ಮೂಲೆಗೆ ಎಳೆದುಕೊಂಡೆ. ಮೂಲೆಯ ಮೇಲೂ ಕಲ್ಲೇ ಇತ್ತು.

ಅದು 2009ರ ಬೇಸಿಗೆ. ಕಲ್ಲುಗಣಿಗಳಲ್ಲಿ ದುಡಿದವರ ಮಾತುಗಳನ್ನು ಪುಸ್ತಕ ಮಾಡಲು ಒಂದು ಸಣ್ಣ ಸಂಸ್ಥೆ ನನ್ನನ್ನು ಕಳಿಸಿತ್ತು. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂದು ಬಸ್ಸು, ಪ್ಯಾಸೆಂಜರ್ ರೈಲುಗಳಲ್ಲಿ ಓಡಾಟ. ಜೊತೆಗೆ ಕೊಟ್ಟದ್ದು ಶಾಲೆಯ ಸ್ಲೇಟಿನಷ್ಟು ಅಗಲದ ಲ್ಯಾಪ್‌ಟಾಪ್. ಚೀಲದಲ್ಲಿ ಅದರ ಭಾರ ತಿಳಿಯುತ್ತಿರಲಿಲ್ಲ. ಆದರೆ ಅದು ತೆರೆದುಕೊಂಡು ಅಕ್ಷರ ಮೂಡಿಸುವಷ್ಟರಲ್ಲಿ ನಮ್ಮ ಮನೆಯಲ್ಲಾದರೆ ಡಿಕಾಕ್ಷನ್ ಇಳಿದು, ಕಾಫಿ ಕುಡಿದೂ ಆಗಿರುತ್ತಿತ್ತು. ಇಲ್ಲಿ ಎಲ್ಲರಿಗೂ ಚಹಾ. ಭಾಷೆ ಕನ್ನಡವೇ, ಆದರೂ ಅಂಗಡಿಯವರು ‘ಕುಂದ್ರಿ’ ಎಂದಾಗ ಕೂರುವುದೆಂದು ತಿಳಿಯದೆ ನಿಂತೇ ಇದ್ದೆ. ಮಾತು ತಪ್ಪೀತೆಂಬ ಭಯದಿಂದ ಸಂಜೆಗಳಲ್ಲಿ ಒಬ್ಬಳೇ ಆ ಯಂತ್ರ ಎಚ್ಚರಾಗುವುದನ್ನು ಕಾಯುತ್ತಿದ್ದೆ.

ಮನೆಯ ಮಾಲೀಕ ಶರಣಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. ಅವರು ಗಣಿಯಲ್ಲಿ ಪರಸಿ, ಅಂದರೆ ಹಾಸುಗಲ್ಲು, ಸೀಳುತ್ತಿದ್ದವರು.

“ಯಾಕ್ ತಂಗಿ, ಮಷೀನಿಗಿ ಜ್ವರ ಬಂದದೇನು?”

ಬಿಸಿಯಾದರೆ ನಿಧಾನವಾಗುತ್ತದೆ ಎಂದೆ. ಅವರು ಹೊರಗೆ ಹೋಗಿ ನಾಲ್ಕು ಕಲ್ಲುಚಕ್ಕೆ ತಂದು ನಾಲ್ಕು ಮೂಲೆಗೆ ಇಟ್ಟು, ಅವುಗಳ ಮೇಲೆ ಲ್ಯಾಪ್‌ಟಾಪ್ ಕೂರಿಸಿದರು. “ಪರಸಿ ಒಟ್ಟುವಾಗ ಹಿಂಗೇ ಇಡ್ತೀವಿ. ಕೆಳಗ ಗಾಳಿ ಆಡ್ಬೇಕು.”

“ತಮ್ಮ ಮನಿ ಫ್ಯಾನ್ ತಿರುಗವಲ್ದು, ಊರ ಮಷೀನಿಗಿ ಗಾಳಿ ಹಾಕ್ಲಿಕತ್ತಾರ,” ಎಂದು ಹೆಂಡತಿ ನಾಗಮ್ಮ ಒಳಗಿಂದಲೇ ಅಂದರು. ಅಂದಿನಿಂದ ಅವರು ನನಗೆ ಕಾಕಾ, ಕಾಕು. ಇಲ್ಲಿ ಚಿಕ್ಕಪ್ಪ, ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ನಾಗಮ್ಮ ಬಂದವರಿಗೆಲ್ಲ ನನ್ನನ್ನು ತೋರಿಸಿ ‘ನಮ್ ಮನಿ ಹುಡುಗಿ’ ಎನ್ನುತ್ತಿದ್ದರು.

ಕಾಕಾ ಮೂರು ಮಧ್ಯಾಹ್ನ ಕೂತು ತಮ್ಮ ಕೆಲಸದ ಕತೆ ಹೇಳಿದರು. ನಾನು ಲ್ಯಾಪ್‌ಟಾಪಿನಲ್ಲೇ ಧ್ವನಿ ಹಿಡಿದು, ಆಮೇಲೆ ಕೇಳಿ ಬರೆದುಕೊಂಡೆ.

ಯಂತ್ರವನ್ನು ಚುರುಕು ಮಾಡುವುದನ್ನು ಒಬ್ಬಳೇ ಕಲಿತೆ. ತಾನಾಗಿ ಶುರುವಾಗುವ ಪ್ರೋಗ್ರಾಮುಗಳನ್ನು ನಿಲ್ಲಿಸಿದೆ. ಪರದೆಯ ಚಿತ್ರ ತೆಗೆದು ಬರಿಯ ನೀಲಿ ಬಣ್ಣ ಇಟ್ಟೆ. ಆಟಗಳನ್ನು ಅಳಿಸಿದೆ, ಒಂದು ಸಲಕ್ಕೆ ಒಂದೇ ಕೆಲಸ ಕೊಟ್ಟೆ. ಕಾಯುವ ಹೊತ್ತು ಅರ್ಧಕ್ಕೆ ಇಳಿದಾಗ ಹೇಳಿಕೊಳ್ಳಲು ಯಾರೂ ಸಿಗದೆ ನಾಗಮ್ಮನಿಗೇ ಹೇಳಿದೆ. “ಭಾಳ ಚಲೋ ಆಯ್ತು ಬಿಡು,” ಎಂದು ರೊಟ್ಟಿ ಬಡಿಯುತ್ತಲೇ ಅಂದರು.

ಚಿಂಚೋಳಿಯಲ್ಲಿ ಮೂವರು ಮುದುಕಿಯರು ಮಾತಿಗೆ ಕೂತಿದ್ದಾಗ ಜಾಗವಿಲ್ಲವೆಂದು ಪರದೆ ತೋರಿಸಿತು. ಅವರ ಬಸ್ಸಿಗೆ ಹೊತ್ತಾಗಿತ್ತು. ಅತಿ ಭಾರದ ಕಡತಗಳು ಕಾಕಾನ ಧ್ವನಿಯವು. ಬರೆದಾಗಿದೆಯಲ್ಲ ಎಂದು ಮೂರನ್ನೂ ಅಳಿಸಿದೆ. ಯಂತ್ರ ತಕ್ಷಣ ಹಗುರಾಯಿತು. ನನಗೆ ಸಂತೋಷವಾದದ್ದು ನೆನಪಿದೆ.

ಐದು ದಿನ ಬಿಟ್ಟು ಶಹಾಬಾದಿಗೆ ಮರಳಿದಾಗ ಅಂಗಳದ ತುಂಬ ಜನ. ಕಾಕಾ ಹಿಂದಿನ ದಿನ ತೀರಿಕೊಂಡಿದ್ದರು. ಮಣ್ಣು ಮಾಡಿ ಬಂದಿದ್ದರು.

ಮೂರನೆಯ ದಿನ ನಾಗಮ್ಮ ನನ್ನ ಕೋಣೆಗೆ ಬಂದು ಕಲ್ಲಿನ ನೆಲದ ಮೇಲೆ ಕೂತರು.

“ಮಷೀನ್ ಹಚ್ಚು ತಂಗಿ. ಅವ್ರ ಮಾತು ಕೇಳ್ಬೇಕು.”

ಅಂದು ಅದು ಎಂದೂ ಇಲ್ಲದಷ್ಟು ಬೇಗ ತೆರೆದುಕೊಂಡಿತು. ಏನು ಹೇಳಲಿ ಎಂದು ಯೋಚಿಸಲು ಹೊತ್ತು ಸಿಗಲಿಲ್ಲ. ಬರೆದದ್ದನ್ನು ಓದಿದೆ: ‘ಕಲ್ಲನ್ನು ತಟ್ಟಿದಾಗ ಗಂಟೆಯಂತೆ ನುಡಿದರೆ ಅದು ಗಟ್ಟಿ. ಮಂಕಾಗಿ ನುಡಿದರೆ ಒಳಗೆ ಬಿರುಕಿದೆ ಎಂದು ತಿಳಿಯಬೇಕು.’

“ಇದು ಸಾಲಿ ಮಾಸ್ತರ ಮಾತಾಯ್ತು,” ಎಂದರು. “ಅವ್ರದು ಹಚ್ಚು.”

ಅಳಿಸಿದೆ ಎಂದೆ. ಯಾಕೆಂದೂ ಹೇಳಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.

“ಕೆಮ್ಮಿದ್ದೂ ಹೋಯ್ತೇನು?”

“ಹೂಂ, ಕಾಕು.”

“ಅದರಾಗ ಬರದಿಲ್ಲೇನು?”

ಬರೆದಿರಲಿಲ್ಲ. ಧ್ವನಿಯಲ್ಲಿ ಕೆಮ್ಮು ಬಂದಾಗಲೆಲ್ಲ, ಹೊತ್ತು ಉಳಿಯಲೆಂದು ಮುಂದಕ್ಕೆ ಓಡಿಸಿ, ಮಾತು ಸಿಕ್ಕಲ್ಲಿಂದ ಬರೆದಿದ್ದೆ.

“ಮತ್ತ ಇಪ್ಪತ್ತು ವರ್ಷ ಅದನ್ನೇ ಕೇಳೀನಿ ನಾ,” ಎಂದರು. “ಓದು. ಎಲ್ಲಿ ಕೆಮ್ಮಿ ನಿಂತ್ರು ನಾ ಹೇಳ್ತೀನಿ.”

ನಾನು ಒಂದೊಂದೇ ವಾಕ್ಯ ಓದಿದೆ. ಅವರು ಕೈ ಎತ್ತಿದಲ್ಲಿ ‘ಕೆಮ್ಮು’ ಎಂದು ಬರೆದೆ. ಕೆಲವು ಕಡೆ ಅವರು ಕೈ ಬೇಗ ಇಳಿಸಲಿಲ್ಲ, ನಾನು ಕಾದೆ. ಹತ್ತು ಪುಟ ಮುಗಿಯಲು ಮಧ್ಯಾಹ್ನವಿಡೀ ಬೇಕಾಯಿತು.

ಸಂಜೆ ಸೇಡಂ ಕಡೆಯ ನೆಂಟರು ಬಂದರು. ನನ್ನನ್ನು ನೋಡಿ ಯಾರೆಂದು ಕೇಳಿದರು.

“ಬಾಡಿಗಿಗಿ ಅದಾಳ್ರಿ,” ಎಂದರು ನಾಗಮ್ಮ. “ಮೈಸೂರ ಕಡಿಯಾಕಿ.” ದನಿಯಲ್ಲಿ ಸಿಟ್ಟಿರಲಿಲ್ಲ. ನನಗೂ ಒಂದು ತಟ್ಟೆಯಲ್ಲಿ ಊಟ ಬಡಿಸಿದರು.

ಆ ವಾರ ಅಮ್ಮ ಫೋನಿನಲ್ಲಿ, “ಮನೆಗೆ ಯಾವಾಗ ಬರ್ತೀಯೆ?” ಎಂದು ಕೇಳಿದಳು. ‘ಮನಿಯಾಗೇ ಅದೀನಲ್ಲ’ ಎಂಬ ಮಾತು ಬಾಯಿಗೆ ಬಂದಿತ್ತು. ಗೋಡೆಯಾಚೆ ನಾಗಮ್ಮ ಇದ್ದರು. ನಾನು ದನಿ ತಗ್ಗಿಸಿ, ಮೈಸೂರಿನ ಕನ್ನಡದಲ್ಲಿ, ಇನ್ನೂ ಗೊತ್ತಿಲ್ಲ ಅಂದೆ.