ಕಾಯಿಲ್ ಇಲ್ಲದ ಗೀಸರ್

ಸ್ನೇಹಿತರೇ, ನಿಮ್ಮನೆ ಗೀಸರ್ ಚೆನ್ನಾಗಿದ್ರೆ ದಯವಿಟ್ಟು ಬಿಚ್ಚಿಸೋಕೆ ಹೋಗ್ಬೇಡಿ.

ಯಲಹಂಕದ ನಮ್ಮನೆಗೆ ಬರೋದು ಬೋರ್‌ವೆಲ್ ನೀರು, ಬಕೆಟ್ ಮೇಲೆಲ್ಲ ಬಿಳೀ ಕಲೆ. ಗೀಸರ್ ಒಳಗೂ ಉಪ್ಪು ಕಟ್ಟಿರುತ್ತೆ, ಕ್ಲೀನ್ ಮಾಡಿಸೋಣ ಅಂತ ಇವತ್ತು ಮೆಕ್ಯಾನಿಕ್‌ನ ಕರೆಸಿದೆ. ಅವನು ಟ್ಯಾಂಕ್ ಖಾಲಿ ಮಾಡಿ ಕಾಯಿಲ್ ಎಳೆದ. ನೀರು ಕಾಯಿಸಬೇಕಾದ ಆ ಕಂಬಿ ಎರಡು ತುಂಡಾಗಿ ಕೈಗೆ ಬಂತು.

"ಸಾರ್, ಇದು ಸುಟ್ಟೋಗಿ ವರ್ಷದ ಮೇಲಾಗಿದೆ. ಸ್ನಾನಕ್ಕೆ ಏನ್ ಮಾಡ್ತಿದ್ರಿ?"

"ಇದೇ ಗೀಸರ್ ಕಣಪ್ಪಾ. ಬೆಳಗ್ಗೆ ಕೂಡ ತಣ್ಣೀರು ಬೆರೆಸ್ಕೊಂಡು ಮಾಡ್ದೆ, ಅಷ್ಟು ಸುಡ್ತಿತ್ತು."

"ಮೇಲೆ ಸೋಲಾರ್ ಇದ್ಯಾ?"

"ಇಲ್ಲ."

ಅವನಿಗೆ ನಂಬಿಕೆ ಬರಲಿಲ್ಲ. ತುಂಡುಗಳನ್ನ ನೆಲದ ಮೇಲಿಟ್ಟು, ಬರೀ ಮುಚ್ಚಳ ಬಿಗಿದು, ತಣ್ಣೀರು ತುಂಬಿಸಿದ. ಕರೆಂಟಿನ ವೈರನ್ನೂ ಕಿತ್ತುಹಾಕಿ ನಲ್ಲಿ ತಿರುಗಿಸಿದ. ಮೊದಲು ತಣ್ಣಗೆ ಬಂತು. ಆಮೇಲೆ ಉಗುರುಬೆಚ್ಚಗೆ. ನೋಡ್ತಾ ನೋಡ್ತಾ ಕನ್ನಡಿ ಮೇಲೆ ಹಬೆ ಕೂತ್ಕೊಳ್ತು.

ಅವನು ಬ್ಯಾಗ್ ಎತ್ಕೊಂಡು ಮೆಟ್ಟಿಲಿಳಿದೇಬಿಟ್ಟ. ಸ್ಪ್ಯಾನರ್ ಇಲ್ಲೇ ಬಿಟ್ಟಿದ್ದಾನೆ ಅಂತ ಫೋನ್ ಮಾಡಿದ್ರೆ, "ನೀವೇ ಇಟ್ಕೊಳ್ಳಿ ಸಾರ್" ಅಂದ.

ಹೊಸ ಗೀಸರ್ ತರೋಣ್ವಾ ಅಂತ ಹೆಂಡತಿನ ಕೇಳಿದೆ. "ಬಿಸಿನೀರು ಬರ್ತಿದ್ಯಲ್ಲ, ಸುಮ್ನೆ ಯಾಕೆ?" ಅಂದ್ಲು, ಬಚ್ಚಲಿನ ಹೊಸ್ತಿಲು ದಾಟದೇನೇ.

ದಿನಾ ಸ್ನಾನಕ್ಕೆ "ನಾನ್ ಮೊದ್ಲು" ಅಂತ ಬಾಗಿಲ ಹತ್ರ ಬಡಿದಾಡೋ ಮನೆ ನಮ್ದು. ನಾಳೆ ಬೆಳಗ್ಗೆಗೆ "ನೀವೇ ಮೊದ್ಲು ಹೋಗಿ" ಅಂತ ಹೆಂಡತಿ, ಮಗಳು ಈಗ್ಲೇ ಮರ್ಯಾದೆ ಕೊಡೋಕೆ ಶುರು ಮಾಡಿದ್ದಾರೆ.